ಕ್ಯಾಮೆರಾ ಯಾವ ಕಡೆಗೆ

ಲಕ್ಷ್ಮಯ್ಯನ ಮಾತ್ರೆಗಳಿಗೆ ಹೊನ್ನಗಂಗಮ್ಮ ಇಟ್ಟಿದ್ದ ಹೆಸರು ಗ್ಯಾಸ್ ಮಾತ್ರೆ. ಕೆಂಪಾಪುರದ ಪಕ್ಕದ ಅವರ ಹಟ್ಟಿಯಲ್ಲಿ ಯಾರೇ ಕೇಳಲಿ, ‘ನಮ್ಮ ಮಾವಂಗೆ ಗ್ಯಾಸ್ಟ್ರಿಕ್ಕು ಕಣಕ್ಕ, ನುಂಗ್ದೆ ಇದ್ರೆ ಎದೆ ಉರೀತದೆ’ ಎಂದು ಮಾತು ಮುಗಿಸಿಬಿಡುತ್ತಿದ್ದಳು. ಗಂಡ ಅವಳಿಗೆ ಸೋದರಮಾವನೇ ಆಗಬೇಕಾಗಿದ್ದರಿಂದ, ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದರೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು. ಒಂದು ಸಲ ಪಕ್ಕದ ಮನೆಯ ಗಂಗಹನುಮಯ್ಯ ಬಾಡೂಟ ಉಂಡು ಹೊಟ್ಟೆಯುಬ್ಬರ ತಾಳಲಾರದೆ, ನಿಮ್ಮ ಗ್ಯಾಸ್ ಮಾತ್ರೆ ಒಂದು ಕೊಡವ್ವ ಎಂದು ಬಾಗಿಲಿಗೇ ಬಂದು ನಿಂತಿದ್ದ. ಖಾಲಿಯಾಗಿದೆ ಎಂದು ಸುಳ್ಳು ಹೇಳಿ, ಜೀರಿಗೆ ಕಷಾಯ ಕಾಯಿಸಿ ಕುಡಿಸಿ ಕಳಿಸಿದ್ದಳು.

ಅದು ಗ್ಯಾಸಿನ ಮಾತ್ರೆಯಲ್ಲ, ತಲೆಯ ಕಾಯಿಲೆಯದು. ಮಗಳು ರಮ್ಯ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಲಕ್ಷ್ಮಯ್ಯನಿಗೆ ನಿದ್ದೆ ಹಾರಿಹೋಯಿತು. ಆಮೇಲೆ ಊಟ ಹೋಯಿತು. ಕುರಿ ಮೇಯಿಸಲು ಹೋದವನು ಮಂದೆಯನ್ನು ಬಯಲಲ್ಲೇ ಬಿಟ್ಟು ಸಾವನದುರ್ಗದ ದಿಕ್ಕಿಗೆ ನಡೆದುಬಿಡುತ್ತಿದ್ದ. ಯಾರೋ ತನ್ನನ್ನೇ ನೋಡುತ್ತಿದ್ದಾರೆ ಎಂದು ಕಂಬಳಿ ಮುಸುಕು ಹಾಕಿಕೊಂಡು ಮೂಲೆ ಹಿಡಿದು ಕೂರುತ್ತಿದ್ದ. ಹೊನ್ನಗಂಗಮ್ಮ ಅವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿದಳು. ಊರಿಗೆ ಮಾತ್ರ ಕಿಡ್ನಿಯಲ್ಲಿ ಕಲ್ಲು ಎಂದಳು. ಅವನು ವಾಸಿಯಾಗಿ ಬಂದ ಮೇಲೆ ಕಲ್ಲು ಹೋಗಿ ಗ್ಯಾಸು ಬಂತು.

ಮುಚ್ಚಿಡಲು ಅವಳಿಗೆ ಕಾರಣವಿತ್ತು. ಅವಳ ತವರಿನಲ್ಲಿ ಒಬ್ಬನಿಗೆ ಹೀಗೆಯೇ ಆಗಿ, ಪೂರಾ ವಾಸಿಯಾಗಿ, ಮೊಮ್ಮಕ್ಕಳನ್ನು ಕಂಡರೂ ಅವನ ಮನೆಗೆ ದಾರಿ ಕೇಳಿದವರಿಗೆ ಜನ ‘ಹುಚ್ಚನ ಮನೆ ತಾನೇ, ಆ ಕಡೆ’ ಎಂದೇ ಕೈ ತೋರಿಸುತ್ತಿದ್ದರು. ಲಕ್ಷ್ಮಯ್ಯನಿಗೆ ಈಗ ಬೇರೆಯೇ ಹೆಸರಿತ್ತು. ಈಯಲಾರದೆ ತಿಣುಕುವ ಕುರಿಯಿದ್ದರೆ ಸುತ್ತಲ ಊರುಗಳವರು ಅವನನ್ನೇ ಕರೆಸುತ್ತಿದ್ದರು. ಮರಿ ಒಳಗೆ ಅಡ್ಡ ಸಿಕ್ಕಿಕೊಂಡಿದ್ದರೂ ನೋಯದ ಹಾಗೆ ತಿರುಗಿಸಿ ಎಳೆದುಕೊಳ್ಳುವ ಹದ ಅವನ ಬೆರಳುಗಳಿಗೆ ಗೊತ್ತಿತ್ತು. ಆ ಹೆಸರು ಹೋಗಿ ಇನ್ನೊಂದು ಹೆಸರು ಬರುವುದನ್ನು ಅವಳು ಸಹಿಸಲಾರಳು.

ಒಂದೇ ಒಂದು ಕಡೆ ಮಾತ್ರ ಅವಳು ನಿಜ ಹೇಳಬೇಕಾಗುತ್ತಿತ್ತು. ಇಂಥ ಕಾಯಿಲೆಯವರಿಗೆ ಸರ್ಕಾರ ಕೊಡುವ ಪಿಂಚಣಿ ಅವನಿಗೂ ಸಿಕ್ಕಿತ್ತು. ಮಾಗಡಿ ಆಸ್ಪತ್ರೆಯಲ್ಲಿ ಸಿಗದ ಮಾತ್ರೆಗಳಿಗೆ ಅದೇ ಆಧಾರ. ಅದು ಮುಂದುವರಿಯಬೇಕಾದರೆ ವರ್ಷಕ್ಕೊಮ್ಮೆ ತಾಲ್ಲೂಕು ಕಚೇರಿಯ ಪಿಂಚಣಿ ಅದಾಲತ್ತಿಗೆ ಹೋಗಬೇಕು. ಅಲ್ಲಿ ಸಾಹೇಬರು ಏನು ಕಾಯಿಲೆ, ಈಗ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಹೊನ್ನಗಂಗಮ್ಮ ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿದೆಯೋ ಎಂದು ಹಿಂದಕ್ಕೆ ತಿರುಗಿ ನೋಡಿಯೇ ಬಾಯಿ ಬಿಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಹಾಲಿನ ಡೈರಿಯ ಮುಂದೆ ಪುಟ್ಟಲಿಂಗಯ್ಯ ಬಂದು ನಿಂತಿದ್ದ. ಪಕ್ಕದೂರಿನವನು, ಅರವತ್ತು ದಾಟಿದವನು. ಅವರೂರಿನ ಗುಂಡುತೋಪನ್ನು ಯಾರೋ ಯಾರಿಗೋ ಬರೆದುಕೊಟ್ಟ ಸಂಗತಿ ಊರಿಗೆ ತಿಳಿದದ್ದು ಜೆಸಿಬಿ ಬಂದು ಮರ ಉರುಳಿಸಿದ ದಿನವೇ. ಅವತ್ತಿನಿಂದ ಅವನು ಆ ಕಚೇರಿ ಈ ಕಚೇರಿ ಸುತ್ತಿ, ಯಾರು ಯಾವಾಗ ಏನು ತೀರ್ಮಾನ ಮಾಡಿದರು ಎಂದು ಕೇಳುವುದನ್ನೇ ಕಸುಬು ಮಾಡಿಕೊಂಡಿದ್ದ. ಅವನು ಬಂದ ಎಂದರೆ ಕೆಲವು ಗುಮಾಸ್ತರು ಊಟಕ್ಕೆ ಎದ್ದು ಹೋಗುತ್ತಿದ್ದರಂತೆ. ಅವತ್ತು ಅವನ ಮುಖದಲ್ಲಿ ಮದುವೆ ಮನೆಯ ಕಳೆಯಿತ್ತು.

‘ಕೇಳ್ರಪ್ಪ ಇಲ್ಲಿ,’ ಎಂದು ಅವನು ಮೊಬೈಲನ್ನು ದೂರ ಹಿಡಿದು ಓದಲು ಶುರುಮಾಡಿದ. ಸರ್ಕಾರದ ಕೆಲಸ ಇನ್ನು ಮುಂದೆ ಜನರ ಕಣ್ಣೆದುರಿಗೇ ನಡೆಯಬೇಕೆಂದು ಒಂದು ಯೋಜನೆಯ ಕರಡು ತಯಾರಾಗಿದೆ. ಅದನ್ನು ಗಟ್ಟಿ ಮಾಡುವ ಮೊದಲು ಜನರ ಅಭಿಪ್ರಾಯ ಕೇಳುತ್ತಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆಯವರಿಗೆ ರಾಮನಗರದಲ್ಲಿ ಸಭೆ. ಆದೇಶಗಳೆಲ್ಲ ಕಚೇರಿಯ ಗೋಡೆಯ ಮೇಲೆ ಬರಬೇಕು, ಅರ್ಜಿ ತಳ್ಳಿಹಾಕಿದರೆ ಯಾಕೆಂದು ಬರೆದು ಕೊಡಬೇಕು. ಇಷ್ಟು ಓದಿ ಅವನು ತಲೆಯೆತ್ತಿದ.

‘ಎಲ್ಲಾದಕ್ಕಿಂತ ದೊಡ್ಡದು ಇದು ನೋಡ್ರಪ್ಪ. ಜನರ ಅಹವಾಲು ಕೇಳೋ ಮೀಟಿಂಗು, ಅದಾಲತ್ತು, ಎಲ್ಲಾನೂ ಕ್ಯಾಮೆರಾ ಮುಂದೆ ಮಾಡ್ಬೇಕಂತೆ. ನೀವು ಮನೇಲಿ ಕುಂತ್ಕಂಡು ಮೊಬೈಲ್‌ನಾಗೇ ನೋಡ್ಬೋದು. ಯಾವ ಸಾಹೇಬ ಯಾರ್ಗೆ ಏನಂದ, ಯಾರ್ನ ಎಷ್ಟೊತ್ತು ಕಾಯಿಸ್ದ, ಎಲ್ಲಾ ಬಟಾಬಯಲು.’

ಹೊನ್ನಗಂಗಮ್ಮನ ಕೈಯಲ್ಲಿದ್ದ ಹಾಲಿನ ಕ್ಯಾನು ಭಾರವಾಯಿತು. ‘ಅದಾಲತ್ತೂನಾ ಪುಟ್ಟಲಿಂಗಣ್ಣ?’ ಎಂದು ಕೇಳಿದಳು.

‘ಅದಾಲತ್ತೂನೇ ಕಣವ್ವ. ಬಾಗ್ಲು ಹಾಕ್ಕಂಡು ಮಾಡಿದ್ದು ಯಾವ್ದಾದ್ರೂ ನಮಗೆ ಒಳ್ಳೇದಾಗೈತಾ? ಎಲ್ರೂ ಬನ್ನಿ. ಜನ ಬಂದು ಹೂಂ ಅನ್ನದಿದ್ರೆ ಇದ್ನೂ ಮೂಲೆಗೆ ಹಾಕ್ಬುಡ್ತಾರೆ.’

ಅವತ್ತಿಡೀ ಅವಳಿಗೆ ಯಾವ ಕೆಲಸದ ಮೇಲೂ ಗಮನ ನಿಲ್ಲಲಿಲ್ಲ. ಅದಾಲತ್ತಿಗೇ ಹೋಗದಿದ್ದರೆ? ಪಿಂಚಣಿ ನಿಲ್ಲುತ್ತದೆ. ಪಿಂಚಣಿ ನಿಂತರೆ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ಏನಾಗುತ್ತದೆಂದು ಅವಳು ಒಮ್ಮೆ ನೋಡಿದ್ದಳು. ಮತ್ತೆ ನೋಡಲು ತಯಾರಿರಲಿಲ್ಲ. ಹೋದರೆ, ಗಂಗಹನುಮಯ್ಯ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಅವಳ ಬಾಯಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಾನೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಗುಂಡಿಯೇ. ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ಬಂದ ಲಕ್ಷ್ಮಯ್ಯ ಕಾಲು ತೊಳೆಯುತ್ತ, ಪುಟ್ಟಲಿಂಗಣ್ಣ ಕರೆದಿದ್ದಾರೆ, ಗಂಗಹನುಮಯ್ಯನೂ ನಾನೂ ರಾಮನಗರಕ್ಕೆ ಹೋಗುತ್ತೇವೆ, ಕುರಿಗೆ ನೀರಿನ ತೊಟ್ಟಿ ಕೇಳಬೇಕು ಎಂದ.

‘ನಾನೂ ಬತ್ತೀನಿ,’ ಎಂದಳು.

‘ನೀನ್ಯಾಕೆ?’

‘ಯಾಕೆ, ಹೆಂಗಸ್ರು ಬರ್ಬಾರ್ದಾ?’

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿ, ‘ಬಾ’ ಎಂದ.

ಸಭೆಯ ದಿನ ಮಾಗಡಿಯಲ್ಲಿ ಬಸ್ಸು ಬದಲಾಯಿಸಿ ರಾಮನಗರ ಸೇರುವ ಹೊತ್ತಿಗೆ ಬಿಸಿಲು ಏರಿತ್ತು. ಸಭಾಂಗಣದ ಹೊರಗೆ ಚಹಾ ಕೊಡುತ್ತಿದ್ದರು. ಗಂಡಸರು ಮುಂದೆ ಹೋಗಿ ಕುರ್ಚಿ ಹಿಡಿದರು. ಹೊನ್ನಗಂಗಮ್ಮ ಚಹಾದ ಸಾಲಿನಲ್ಲೇ ಉಳಿದಳು. ಅವಳ ಹಿಂದೆ ನಿಂತಿದ್ದ ಹೆಂಗಸು ಲೋಟ ತೆಗೆದುಕೊಳ್ಳುವಾಗ ಆಕೆಯ ಬೆರಳುಗಳು ಕಂಡವು. ಬಿಸಿನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಬೆರಳುಗಳು.

‘ಗೂಡು ಬಿಚ್ಚೋ ಕೈ ಅಕ್ಕಾ,’ ಎಂದಳು ಆ ಹೆಂಗಸು, ಹೊನ್ನಗಂಗಮ್ಮ ನೋಡುತ್ತಿದ್ದುದನ್ನು ಕಂಡು. ‘ಇಲ್ಲೇ ರಾಮನಗರದಲ್ಲಿ ರೇಷ್ಮೆ ನೂಲು ತೆಗೀತೀವಿ. ನನ್ನ ಹೆಸರು ದಿಲ್ಶಾದ್. ಸಾಲಕ್ಕೆ ಅಂತ ಅರ್ಜಿ ಹಾಕಿದ್ದೆ, ಇಲ್ಲ ಅಂದ್ಬಿಟ್ರು. ಯಾಕೆ ಇಲ್ಲ ಅಂತ ಕೇಳಿದ್ರೆ ಅದಕ್ಕೂ ಇಲ್ಲ. ಅದನ್ನ ಕೇಳೋಣ ಅಂತ ಬಂದೆ. ನೀವು?’

ಊರಿನವರಿಗೆ ಹೇಳಲಾಗದ ಮಾತು ಕೆಲವೊಮ್ಮೆ ಗುರುತಿಲ್ಲದವರ ಮುಂದೆ ತಾನಾಗಿ ಜಾರುತ್ತದೆ. ಹೊನ್ನಗಂಗಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದಿಲ್ಶಾದಳನ್ನು ಗೋಡೆಯ ಮರೆಗೆ ಕರೆದುಕೊಂಡು ಹೋಗಿ, ಅಷ್ಟನ್ನೂ ಹೇಳಿಬಿಟ್ಟಳು. ಕಿಡ್ನಿಯ ಕಲ್ಲು, ಗ್ಯಾಸು, ಅದಾಲತ್ತು, ಎಲ್ಲ. ಹೇಳಿ ಮುಗಿಸಿದ ಮೇಲೆ, ‘ನೀವು ಮೈಕ್ ಹಿಡಿಯೋರು. ನಂದೂ ಒಸಿ ಸೇರ್ಸಿ ಹೇಳ್ಬುಡಿ. ಯಾರು ಅಂತ ಹೇಳ್ಬೇಡಿ,’ ಎಂದಳು.

ದಿಲ್ಶಾದ್ ಯೋಚಿಸಿದಳು. ‘ನಾನು ಹೇಳಿದ್ರೆ ಯಾರೋ ಹೇಳಿದ ಹಾಗೆ ಆಗುತ್ತೆ ಅಕ್ಕಾ. ನೋವು ನಿಮ್ದು. ಗಂಡನ ಹೆಸರು ತೆಗೀಬೇಡಿ, ಕಾಯಿಲೆ ಹೆಸರು ತೆಗೀಬೇಡಿ. ಕ್ಯಾಮೆರಾ ಬೇಡ ಅನ್ನಿ, ಸಾಕು. ನಾನು ಪಕ್ಕದಲ್ಲೇ ಕೂತಿರ್ತೀನಿ.’

ಒಳಗೆ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು. ವೇದಿಕೆಯ ಮೇಲೆ ನಾಲ್ಕೈದು ಅಧಿಕಾರಿಗಳು. ಸಭೆ ನಡೆಸುತ್ತಿದ್ದವಳು ಅನುಷಾ ಎಂಬ ಎಳೆಯ ವಯಸ್ಸಿನ ಅಧಿಕಾರಿ. ವೇದಿಕೆಯ ಪಕ್ಕದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಂತಿತ್ತು. ಅದರ ಕೆಂಪು ದೀಪ ಜನರ ಕಡೆಗೇ ಉರಿಯುತ್ತಿತ್ತು.

ಪುಟ್ಟಲಿಂಗಯ್ಯ ಮೊದಲು ಎದ್ದ. ಗುಂಡುತೋಪಿನ ಕತೆ ಹೇಳಿದ. ನೆರಳು ಕೊಡುತ್ತಿದ್ದ ಮರಗಳು ಒಂದು ಮುಚ್ಚಿದ ಬಾಗಿಲಿನ ಹಿಂದೆ ಸತ್ತವು, ಅವು ಬೀಳುವ ದಿನವೇ ನಮಗೆ ಗೊತ್ತಾಗಿದ್ದು ಎಂದ. ‘ಅದಕ್ಕೇ ಹೇಳ್ತೀನಿ ಮೇಡಂ, ಒಂದು ಬಾಗ್ಲೂ ಮುಚ್ಚಬಾರ್ದು, ಒಂದು ಕ್ಯಾಮೆರಾನೂ ಆಫ್ ಆಗಬಾರ್ದು,’ ಎಂದು ಕೂತಾಗ ಬಹಳ ಹೊತ್ತು ಚಪ್ಪಾಳೆ. ಹೊನ್ನಗಂಗಮ್ಮನೂ ತಟ್ಟಿದಳು. ಅವನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಚನ್ನಪಟ್ಟಣದವರು ಮಾತಾಡಿದರು, ಕನಕಪುರದವರು ಮಾತಾಡಿದರು. ದಿಲ್ಶಾದ್ ತನ್ನ ಅರ್ಜಿಯ ಮಾತನ್ನು ತಡವರಿಸದೆ ಹೇಳಿ ಕೂತಳು. ಕೂತವಳು ಮೈಕನ್ನು ವಾಪಸು ಕೊಡದೆ ಹೊನ್ನಗಂಗಮ್ಮನ ಕೈಗೆ ಇಟ್ಟಳು.

ಹೊನ್ನಗಂಗಮ್ಮ ಎದ್ದು ನಿಂತಳು. ಮುಂದಿನ ಸಾಲಿನಲ್ಲಿದ್ದ ಲಕ್ಷ್ಮಯ್ಯ ತಿರುಗಿ ನೋಡಿದ. ಗಂಗಹನುಮಯ್ಯನೂ ತಿರುಗಿದ.

‘ಆ ಕ್ಯಾಮೆರಾ ಒಸಿ ಆಫ್ ಮಾಡಿ,’ ಎಂದಳು. ‘ಆಮೇಲೆ ಹೇಳ್ತೀನಿ.’

ಸಭೆಯಲ್ಲಿ ಗುಜುಗುಜು ಎದ್ದಿತು. ಅನುಷಾ ಅಕ್ಕಪಕ್ಕದವರ ಮುಖ ನೋಡಿ, ‘ಅಮ್ಮ, ಇಲ್ಲಿ ನಡೆಯೋದೆಲ್ಲ ರೆಕಾರ್ಡ್ ಆಗಬೇಕು ಅಂತ ನಮಗೆ ಸೂಚನೆ ಇದೆ,’ ಎಂದಳು.

‘ಹಂಗಾದ್ರೆ ಕೂತ್ಕತೀನಿ ಬುಡಿ ಮೇಡಂ. ನೀವು ಜನ ಏನೂ ಹೇಳ್ಲಿಲ್ಲ ಅಂತ ಬರ್ಕಳಿ.’

ಅವಳು ಕೋಪದಿಂದ ಹೇಳಿದ್ದಲ್ಲ, ಸೋತು ಹೇಳಿದ್ದು. ಆದರೂ ಆ ಮಾತು ಎಲ್ಲಿಗೋ ತಾಗಿತು. ಅನುಷಾ ಕ್ಯಾಮೆರಾದವನಿಗೆ ಕೈಸನ್ನೆ ಮಾಡಿದಳು. ಕೆಂಪು ದೀಪ ಆರಿತು. ಮುಂದೆ ಯಾರೋ ಮೊಬೈಲು ಎತ್ತಿ ಹಿಡಿದಿದ್ದ. ದಿಲ್ಶಾದ್ ಅವನ ಭುಜ ತಟ್ಟಿ ಕೆಳಗಿಳಿಸಿದಳು.

‘ಪುಟ್ಟಲಿಂಗಣ್ಣ ಹೇಳಿದ್ದು ಸರಿಯಾಗೈತೆ,’ ಎಂದು ಹೊನ್ನಗಂಗಮ್ಮ ಶುರುಮಾಡಿದಳು. ‘ಆದ್ರೆ ಅದಾಲತ್ತಿಗೆ ಬರೋರು ತೋಪು ಬರ್ಸ್ಕಳಾಕೆ ಬರಲ್ಲ. ಕಷ್ಟ ಹೇಳ್ಕಳಾಕೆ ಬತ್ತಾರೆ. ಕೆಲವು ಕಷ್ಟ ಹೆತ್ತ ತಾಯಿಗೂ ಹೇಳಾಕಾಗಲ್ಲ. ಕ್ಯಾಮೆರಾ ಐತೆ ಅಂದ್ರೆ ಅಂಥೋರು ಗೇಟಿಂದ್ಲೇ ವಾಪಸ್ ಹೋಯ್ತಾರೆ. ನಿಮಗೆ ಕ್ಯಾಮೆರಾ ಬೇಕೇ ಬೇಕು ಅಂದ್ರೆ ಸಾಹೇಬ್ರ ಕಡೆ ತಿರುಗ್ಸಿ ಮಡಗಿ. ಸಾಹೇಬ್ರು ಏನು ಕೇಳಿದ್ರು, ಏನು ಹೇಳಿದ್ರು, ಊರೆಲ್ಲಾ ನೋಡ್ಲಿ. ಕೇಳಾಕೆ ಬಂದೋರ ಮುಖ ಯಾಕೆ ಬೇಕು?’

ಕೆಲವರು ನಕ್ಕರು. ವೇದಿಕೆಯ ಮೇಲಿದ್ದ ಒಬ್ಬ ಹಿರಿಯ ಅಧಿಕಾರಿ ಅಂಗಿಯ ಕಾಲರ್ ಸರಿಮಾಡಿಕೊಂಡದ್ದಕ್ಕೆ ನಗು ಇನ್ನೂ ಹೆಚ್ಚಾಯಿತು. ಆದರೆ ಪುಟ್ಟಲಿಂಗಯ್ಯ ನಗಲಿಲ್ಲ. ಅವನು ಕೂತಲ್ಲಿಂದಲೇ ಹಿಂದಕ್ಕೆ ತಿರುಗಿದ.

‘ತಂಗಿ, ತಪ್ಪಾಗಿ ತಿಳ್ಕಬೇಡ. ಒಂದು ಸಂದಿ ಬುಟ್ರೆ ಅದ್ರಲ್ಲೇ ಇವರೆಲ್ಲಾ ನುಗ್ತಾರೆ. ನಾನು ಕಂಡೀವ್ನಿ. ಕಷ್ಟ ಹೇಳ್ಕಳದ್ರಲ್ಲಿ ನಾಚಿಕೆ ಏನವ್ವ? ಅಷ್ಟು ಮುಚ್ಚಿಡೋಂಥಾದ್ದು ನಿಂಗೇನೈತೆ?’

ಅವನ ದನಿಯಲ್ಲಿ ಕುಹಕವಿರಲಿಲ್ಲ. ಅದರಿಂದಲೇ ಉತ್ತರ ಕೊಡುವುದು ಕಷ್ಟವಾಯಿತು. ಹೊನ್ನಗಂಗಮ್ಮ ಮೈಕು ಹಿಡಿದು ನಿಂತೇ ಇದ್ದಳು. ಬಾಯಿಗೆ ಬರುತ್ತಿದ್ದುದು ಒಂದೇ ಮಾತು, ಗ್ಯಾಸ್ಟ್ರಿಕ್ಕು. ಅದನ್ನು ಇಲ್ಲಿ ಹೇಳುವಂತಿರಲಿಲ್ಲ.

ಆಗ ಲಕ್ಷ್ಮಯ್ಯ ಎದ್ದ. ಅವನಿಗೆ ಮೈಕು ಬೇಕಿರಲಿಲ್ಲ. ಬಯಲಿನಲ್ಲಿ ಕುರಿ ಕೂಗಿ ಕರೆಯುವವನ ಗಂಟಲು.

‘ಅವಳು ಮುಚ್ಚಿಟ್ಟಿರೋದು ನನ್ನ ಕಣಣ್ಣ,’ ಎಂದ.

ಹೊನ್ನಗಂಗಮ್ಮ ‘ಮಾವ, ಬ್ಯಾಡ’ ಎಂದಳು. ಅದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅವನು ಅವಳ ಕಡೆ ನೋಡಿ, ಇರಲಿ ಎಂಬಂತೆ ಕೈಯಾಡಿಸಿದ.

‘ನನ್ನೆಸ್ರು ಲಕ್ಷ್ಮಯ್ಯ. ಕುರಿ ಸಾಕ್ಕಂಡಿವ್ನಿ. ನಂಗೆ ತಲೆ ಕಾಯಿಲೆ ಬಂದಿತ್ತು. ಬೆಂಗಳೂರಾಗೆ ಆಸ್ಪತ್ರೆಲಿದ್ದೆ. ಈಗ್ಲೂ ಮಾತ್ರೆ ನುಂಗ್ತೀನಿ, ಚೆನ್ನಾಗಿವ್ನಿ.’ ಅಷ್ಟು ಹೇಳಿ ಉಸಿರು ತೆಗೆದುಕೊಂಡ. ‘ಆವಾಗ ನಂಗೆ ಏನನ್ನಿಸ್ತಿತ್ತು ಅಂದ್ರೆ, ನಮ್ಮೂರ ಮೊಬೈಲ್ ಟವರ್ರು ನನ್ನೇ ನೋಡ್ತೈತೆ ಅಂತ. ಉಣ್ಣೋದು, ಮಲಗೋದು, ಹೆಂಡ್ರ ಕೂಡೆ ಮಾತಾಡೋದು, ಎಲ್ಲಾನೂ ತಗಂಡು ಊರಿಗೆಲ್ಲಾ ತೋರಿಸ್ತೈತೆ ಅಂತ. ಹಂಗೇನಿಲ್ಲ ಲಕ್ಷ್ಮಯ್ಯ, ನಿನ್ನ ಯಾರೂ ನೋಡ್ತಿಲ್ಲ ಅಂತ ನಂಬ್ಸಾಕೆ ಡಾಕ್ಟ್ರಿಗೆ ಸಾಕುಸಾಕಾಗೋಯ್ತು. ಈಗ ಸರ್ಕಾರದೋರೇ ಕ್ಯಾಮೆರಾ ಮಡಗಿ ಊರಿಗೆಲ್ಲಾ ತೋರಿಸ್ತೀವಿ ಅಂದ್ರೆ, ಆ ಡಾಕ್ಟ್ರ ಮಾತು ಸುಳ್ಳಾಗೋಯ್ತದಲ್ಲ ಮೇಡಂ.’

ಮೊದಲು ನಕ್ಕವಳು ದಿಲ್ಶಾದ್. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಗು ತಡೆಯಲಾಗಲಿಲ್ಲ. ಲಕ್ಷ್ಮಯ್ಯನೂ ನಕ್ಕ. ಅವನು ನಗುತ್ತಿರುವುದನ್ನು ಕಂಡ ಮೇಲೆ ಇಡೀ ಸಭೆ ನಕ್ಕಿತು. ಅದು ಅವನನ್ನು ಕುರಿತು ನಕ್ಕ ನಗೆಯಲ್ಲ, ಅವನ ಜೊತೆ ನಕ್ಕದ್ದು. ಆ ವ್ಯತ್ಯಾಸ ಹೊನ್ನಗಂಗಮ್ಮನಿಗೆ ಕಿವಿಯಲ್ಲಿ ಗೊತ್ತಾಯಿತು.

‘ಇವತ್ತು ನಾನೇ ಹೇಳ್ದೆ,’ ಎಂದು ಅವನು ಮುಗಿಸಿದ. ‘ನನ್ನ ಬಾಯಿಂದ ನಾನು ಹೇಳೋದು ಬ್ಯಾರೆ, ಬ್ಯಾರೇರು ಹಿಡ್ಕಂಡು ತೋರ್ಸೋದು ಬ್ಯಾರೆ. ಹೇಳಾಕೆ ಇನ್ನೂ ಧೈರ್ಯ ಬರ್ದೆ ಇರೋರು ಎಷ್ಟೋ ಜನ ಅವ್ರೆ. ಅವ್ರನ್ನ ಅವ್ರ ಪಾಡಿಗೆ ಬುಟ್ಬುಡಿ. ಆಮೇಲೆ, ಕುರಿಗೆ ಒಂದು ನೀರಿನ ತೊಟ್ಟಿ ಬೇಕು.’

ಅವನು ಕೂತ. ಪುಟ್ಟಲಿಂಗಯ್ಯ ನೆಲ ನೋಡುತ್ತ ಇದ್ದವನು ಮೆಲ್ಲಗೆ ಎದ್ದ. ಏನು ಹೇಳುತ್ತಾನೋ ಎಂದು ಎಲ್ಲರೂ ಕಾದರು.

‘ನನ್ನ ಮಾತು ಒಸಿ ತಿದ್ಕತೀನಿ ಮೇಡಂ,’ ಎಂದ. ‘ಕ್ಯಾಮೆರಾ ಇರ್ಲಿ, ಆ ಯವ್ವ ಹೇಳ್ದಂಗೆ ಸಾಹೇಬ್ರ ಕಡೆಗೆ. ಅರ್ಜಿ ಹಾಕ್ದೋರು ಹೂಂ ಅಂದ್ರೆ ಮಾತ್ರ ಅವ್ರ ಮುಖ, ಅವ್ರ ಮಾತು. ಹೂಂ ಅನ್ನೋ ಹಕ್ಕು ಅವ್ರದ್ದೇ, ಸಾಹೇಬ್ರದ್ದಲ್ಲ. ಜಮೀನು, ಟೆಂಡರು, ತೋಪು ಇಂಥ ತೀರ್ಮಾನಕ್ಕೆ ಈ ವಿನಾಯಿತಿ ಇಲ್ಲವೇ ಇಲ್ಲ. ಇದ್ನ ಹಿಂಗೇ ಬರ್ಕಳಿ. ಬರ್ದಿದ್ದನ್ನ ಓದಿ ಹೇಳಿ.’

ಅನುಷಾ ಬರೆದುಕೊಂಡಳು. ಬರೆದದ್ದನ್ನು ಜೋರಾಗಿ ಓದಿದಳು. ಒಂದು ಕಡೆ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತು ಸೇರಿಕೊಂಡಿತ್ತು. ಪುಟ್ಟಲಿಂಗಯ್ಯ ಅದನ್ನು ತೆಗೆಸಿದ. ಆಮೇಲೆ ಅವಳು ಹೊನ್ನಗಂಗಮ್ಮನ ಕಡೆ ತಿರುಗಿ, ‘ಅಮ್ಮ, ಈಗ ಸರಿಯಾಯ್ತಾ?’ ಎಂದು ಕೇಳಿದಳು. ಹೊನ್ನಗಂಗಮ್ಮ ತಲೆಯಾಡಿಸಿದಳು. ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು, ಯಾರಿಗೆ ಕೊಡಬೇಕೋ ತಿಳಿಯಲಿಲ್ಲ.

ಸಭೆ ಮುಗಿದ ಮೇಲೆ ಅವಳು ಹೊರಗೆ ಹೊಂಗೆ ಮರದ ಕೆಳಗೆ ಬಂದು ನಿಂತಳು. ಲಕ್ಷ್ಮಯ್ಯ ನೀರಿನ ಬಾಟಲಿ ತಂದುಕೊಟ್ಟ.

‘ನಂಗೆ ಒಂದ್ ಮಾತು ಹೇಳ್ಬಾರ್ದಾಗಿತ್ತಾ ಮಾವ, ಹಿಂಗೆ ಹೇಳ್ತೀನಿ ಅಂತ?’

‘ನೀನು ನಂಗೆ ಹೇಳಿದ್ಯಾ, ಇಲ್ಲಿಗ್ಯಾಕೆ ಬಂದೆ ಅಂತ?’

‘ನಿಂಗೋಸ್ಕರನೇ ಮುಚ್ಚಿಟ್ಟಿದ್ದು,’ ಎಂದಳು.

‘ಗೊತ್ತು ಕಣ್ ಹೊನ್ನೂ. ಅದಕ್ಕೇ ನಾನೂ ಸುಮ್ನಿದ್ದೆ. ಆದ್ರೆ ಒಂದೊಂದ್ಸಲ, ನೀನು ಅಷ್ಟು ಜೋಪಾನವಾಗಿ ಬಚ್ಚಿಡೋದ ನೋಡಿ, ನಾನೇನೋ ಕದ್ದ ಮಾಲೇನೋ ಅನ್ನಿಸ್ಬುಡ್ತಿತ್ತು.’

ಆ ಮಾತು ಅವಳಿಗೆ ಚುಚ್ಚಿತು. ಚುಚ್ಚಿದರೂ, ಎಷ್ಟೋ ಕಾಲದಿಂದ ಹೊತ್ತಿದ್ದ ಹೊರೆಯನ್ನು ಯಾರೋ ಹಿಂದಿನಿಂದ ಎತ್ತಿ ಹಿಡಿದಂತೆ ಬೆನ್ನು ಹಗುರಾಯಿತು. ಅವಳು ಅತ್ತಳು. ಅವನು ಅಳಬೇಡ ಎನ್ನಲಿಲ್ಲ. ದಿಲ್ಶಾದ್ ಹೊರಡುವಾಗ ಬಂದು ಅವಳ ಕೈ ಹಿಡಿದು, ರಾಮನಗರಕ್ಕೆ ಬಂದರೆ ತನ್ನ ಮನೆಗೆ ಬರದೆ ಹೋಗಕೂಡದು ಎಂದು ಆಣೆ ಹಾಕಿಸಿಕೊಂಡಳು.

ಬಸ್ಸಿನಲ್ಲಿ ಹೊನ್ನಗಂಗಮ್ಮನಿಗೆ ಮತ್ತೆ ಊರಿನ ಚಿಂತೆ ಹತ್ತಿತು. ಗಂಗಹನುಮಯ್ಯ ಮುಂದಿನ ಸೀಟಿನಲ್ಲಿ ಕಿಟಕಿಯ ಹೊರಗೆ ಬಂಡೆಗಳನ್ನು ನೋಡುತ್ತ ಕೂತಿದ್ದ. ರಾಮನಗರ ಬಿಟ್ಟಾಗಿನಿಂದ ಒಂದು ಮಾತಿಲ್ಲ. ಊರಿಗೆ ಮೊದಲು ಸುದ್ದಿ ಮುಟ್ಟಿಸುವವನು ಅವನೇ. ಮಾಗಡಿ ಹತ್ತಿರ ಬಂದಾಗ ಅವನು ಸರ್ರನೆ ಹಿಂದಕ್ಕೆ ತಿರುಗಿದ.

‘ಲೇ ಲಕ್ಷ್ಮಯ್ಯ, ಟವರ್ ಅಂದ್ಯಲ್ಲ. ಯಾವ್ದು, ನಮ್ಮ ಹೊಲದಾಗಿರೋದಾ?’

‘ಅದೇ ಕಣ್ಲಾ. ಊರಾಗೆ ಇರೋದೊಂದೇ ಅಲ್ವಾ.’

‘ಅದ್ಯಾಕ್ಲಾ ಆವಾಗ್ಲೇ ಹೇಳ್ಲಿಲ್ಲ? ಕಂಪ್ನಿಯೋರಿಗೆ ಹೇಳಿ ಒಸಿ ಅತ್ಲಾಗೆ ತಿರುಗ್ಸಾದ್ರೂ ತಿರುಗಿಸ್ತಿದ್ನಲ್ಲ,’ ಎಂದ ಗಂಗಹನುಮಯ್ಯ. ಅವನು ತಮಾಷೆಗೆ ಹೇಳಿದನೋ ನಿಜಕ್ಕೂ ನೊಂದು ಹೇಳಿದನೋ ಗೊತ್ತಾಗಲಿಲ್ಲ. ಲಕ್ಷ್ಮಯ್ಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳೂ ನಕ್ಕಳು.

ಊರೆಲ್ಲ ಗಂಗಹನುಮಯ್ಯನ ಹಾಗಿರಲಿಲ್ಲ. ಡೈರಿಯ ಮುಂದೆ ಅವಳು ಹೋದಾಗ ಕೆಲವು ದಿನ ಮಾತು ನಿಲ್ಲುತ್ತಿತ್ತು. ಆಚೆ ಊರಿನ ಒಬ್ಬ ತನ್ನ ಕುರಿ ಈಯುವಾಗ ಲಕ್ಷ್ಮಯ್ಯನನ್ನು ಕರೆಸದೆ ಬೇರೆಯವರನ್ನು ಕರೆಸಿದ. ಅದು ಲಕ್ಷ್ಮಯ್ಯನಿಗೆ ನೋವಾಯಿತು, ಆದರೆ ಅವನು ಊಟ ಬಿಡಲಿಲ್ಲ, ನಿದ್ದೆ ಬಿಡಲಿಲ್ಲ. ಆ ವಾರದಲ್ಲೇ ಮತ್ತೊಂದು ಊರಿನಿಂದ ಇಬ್ಬರು ಬೈಕಿನಲ್ಲಿ ಬಂದು, ಮರಿಯ ಹಿಂಗಾಲು ಮೊದಲು ಬಂದಿದೆ, ಬೇಗ ಬಾ ಎಂದು ಅವನನ್ನು ನಡುವೆ ಕೂರಿಸಿಕೊಂಡು ಹೋದರು. ಮಗಳು ರಮ್ಯಳಿಗೆ ಹೇಗೆ ಹೇಳುವುದೆಂದು ಹೊನ್ನಗಂಗಮ್ಮ ತಡವರಿಸುತ್ತಿದ್ದಾಗ ಅವಳು ಪುಸ್ತಕದಿಂದ ತಲೆ ಎತ್ತದೆಯೇ, ‘ಮಾತ್ರೆ ಹೆಸ್ರು ಮೊಬೈಲಲ್ಲಿ ಹಾಕಿ ಯಾವತ್ತೋ ನೋಡಿದ್ದೆ ಅಮ್ಮ. ನೀನು ಹೇಳ್ಲಿ ಅಂತ ಸುಮ್ನಿದ್ದೆ,’ ಎಂದಳು. ಇಷ್ಟು ಸಣ್ಣ ಮನೆಯಲ್ಲಿ ಮೂರು ಜನ ಒಂದೇ ಗುಟ್ಟನ್ನು ಬೇರೆ ಬೇರೆಯಾಗಿ ಕಾಯುತ್ತಿದ್ದರೇ ಎಂದು ಹೊನ್ನಗಂಗಮ್ಮನಿಗೆ ಆಶ್ಚರ್ಯವಾಯಿತು.

ಮಳೆಗಾಲ ಕಳೆದು ರಾಗಿ ತೆನೆ ಕಟ್ಟುವ ಹೊತ್ತಿಗೆ ಪುಟ್ಟಲಿಂಗಯ್ಯ ಅವರ ಮನೆಯ ಬಾಗಿಲಿಗೇ ಬಂದ. ಯೋಜನೆ ಗಟ್ಟಿಯಾಗಿ ಹೊರಬಂದಿತ್ತು. ಅವನು ಕೇಳಿದ್ದರಲ್ಲಿ ಎಷ್ಟೋ ಅದರಲ್ಲಿರಲಿಲ್ಲ. ಅದಕ್ಕೆ ಸರ್ಕಾರವನ್ನು ಮನಸಾರೆ ಬೈದ. ಬೈದು ಮುಗಿಸಿ, ‘ಆದ್ರೆ ನಿನ್ನ ಕ್ಯಾಮೆರಾ ತಿರುಗೈತೆ ಕಣವ್ವ,’ ಎಂದ. ಹೊನ್ನಗಂಗಮ್ಮ ಅವನಿಗೆ ಮುದ್ದೆ, ಉಪ್ಸಾರು ಬಡಿಸಿದಳು. ಉಣ್ಣುತ್ತ ಅವನು, ತೊಟ್ಟಿಯ ಅರ್ಜಿ ಎಲ್ಲಿಗೆ ಬಂತೆಂದು ತಾನೇ ವಿಚಾರಿಸುತ್ತೇನೆ ಎಂದು ಲಕ್ಷ್ಮಯ್ಯನಿಗೆ ಮಾತು ಕೊಟ್ಟ.

ಆ ವರ್ಷದ ಅದಾಲತ್ತಿನ ದಿನ ಮಾಗಡಿಯ ಕಚೇರಿಯ ಬಾಗಿಲು ತೆರೆದೇ ಇತ್ತು. ಒಳಗೆ ಕ್ಯಾಮೆರಾ ಇತ್ತು, ಸಾಹೇಬರ ಮುಖಕ್ಕೆ ನೇರವಾಗಿ. ಅವರು ಎಂದಿಗಿಂತ ಮೆತ್ತಗೆ ಮಾತಾಡುತ್ತಿದ್ದರು. ಬಾಗಿಲಲ್ಲಿದ್ದವನು, ‘ನಿಮ್ಮ ಮುಖ ಕಾಣಿಸ್ಬೋದಾ, ಬೇಡ್ವಾ?’ ಎಂದು ಕೇಳಿದ. ಹೊನ್ನಗಂಗಮ್ಮ ಗಂಡನ ಮುಖ ನೋಡಿದಳು. ‘ಬೇಡ,’ ಎಂದ ಲಕ್ಷ್ಮಯ್ಯ. ‘ಒಂದ್ಸತಿ ಹೇಳಿದ್ದು ಸಾಕು.’ ಅವರನ್ನು ಕ್ಯಾಮೆರಾಕ್ಕೆ ಕಾಣದ ಪಕ್ಕದ ಮೇಜಿಗೆ ಕಳಿಸಿದರು. ಅವರಿಗಿಂತ ಮುಂದೆ ಅಲ್ಲಿ ಒಬ್ಬಳು ಎಳೆಯ ಹೆಂಗಸು ಅಧಿಕಾರಿಯ ಹತ್ತಿರ ಬಾಗಿ ಏನೋ ಹೇಳಿಕೊಳ್ಳುತ್ತಿದ್ದಳು. ಹೊನ್ನಗಂಗಮ್ಮ ಗಂಡನ ತೋಳು ಹಿಡಿದು, ಅವಳ ಮಾತು ಕಿವಿಗೆ ಬೀಳದಷ್ಟು ದೂರ ಸರಿದು ನಿಂತಳು. ಸರದಿ ಬಂದಾಗ ಲಕ್ಷ್ಮಯ್ಯನೇ ಕುರ್ಚಿಯಲ್ಲಿ ಕೂತು ತನ್ನ ಬಗ್ಗೆ ತಾನೇ ಹೇಳಿದ. ಅವಳು ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು.

ವಾಪಸು ಬರುವಾಗ ಕೆಂಪಾಪುರದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಗಾಳಿ ತಂಪಾಗಿತ್ತು. ಅವಳಿಗೆ ಎಚ್ಚರವಾದಾಗ ತಲೆ ಗಂಡನ ಭುಜದ ಮೇಲಿತ್ತು, ಬಸ್ಸು ಯಾವುದೋ ತೆಂಗಿನ ತೋಟದ ಪಕ್ಕ ಹೋಗುತ್ತಿತ್ತು. ಅವರ ಸ್ಟಾಪು ಆಗಲೇ ಹಿಂದೆ ಹೋಗಿತ್ತು.

‘ಎಬ್ಬಿಸ್ಬಾರ್ದಾಗಿತ್ತಾ ಮಾವ?’ ಎಂದು ಅವಳು ಗಡಬಡಿಸಿ ಎದ್ದು ಸೆರಗು ಸರಿಮಾಡಿಕೊಂಡಳು.

‘ಎಬ್ಸೋಣ ಅಂತಿದ್ದೆ,’ ಎಂದ ಅವನು. ‘ಒಳ್ಳೇ ನಿದ್ದೆಲಿದ್ದೆ. ನಡ್ಕಂಡು ಹೋಗಾಣ ಬಾ, ಇನ್ನೂ ಹೊತ್ತೈತೆ.’